ದಸರಾ ರಜೆಗೆ ಒಂದು ಕೋಲು, ಒಂದು ಟೇಪು

“ಏನ್ ಮೇಷ್ಟ್ರೇ, ರಜದಲ್ಲೂ ಬುಡಾಕಿಲ್ವಾ ಮಕ್ಕಳ್ನ?”

ಹೀಗೆ ಕೇಳಿದವರು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ. ದಸರಾ ರಜೆ ಶುರುವಾಗಿ ಮೂರು ದಿನವಾಗಿತ್ತು. ಮಗಳನ್ನು ಗಣಿತ, ವಿಜ್ಞಾನ ಎರಡಕ್ಕೂ ಟ್ಯೂಷನ್ನಿಗೆ ಸೇರಿಸಿದ್ದರು, ದುಡ್ಡನ್ನೂ ಮುಂಗಡವಾಗಿ ಕಟ್ಟಿ ಆಗಿತ್ತು. ನಾನು ಅವರ ಮನೆಗೆ ಹೋಗಿ, “ಒಂದು ದಿನ ಕಳಿಸಿಕೊಡಿ, ಹತ್ತು ಹನ್ನೆರಡು ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ” ಎಂದಿದ್ದೆ. “ಪಟ್ಣದಲ್ಲಿ ನೋಡಾಕೇನೈತೆ ಸಾ? ಹೋದ್ವರ್ಸ ದೇವಸ್ಥಾನಕ್ಕೆ ಹೋಗಿದ್ವಲ್ಲ” ಎಂದರು. ಕೊನೆಗೆ, ಒಂದೇ ದಿನ, ರಾತ್ರಿ ಎಂಟಕ್ಕೆ ತಾವೇ ಬಂದು ಕರೆದುಕೊಂಡು ಹೋಗುವುದು ಎಂಬ ಕರಾರಿನ ಮೇಲೆ ಒಪ್ಪಿದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆಯವರಿಗೆಲ್ಲ ಪಟ್ಟಣವೆಂದರೆ ಮೈಸೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಕೋಟೆಗೋಡೆ, ಅಷ್ಟೆ. 1610ರಲ್ಲಿ ರಾಜ ಒಡೆಯರು ದಸರಾ ಉತ್ಸವ ಆರಂಭಿಸಿದ್ದು ಈ ಊರಿನಲ್ಲಿ. 1799ರ ಮೇ 4ರಂದು ಕೋಟೆ ಬಿದ್ದು, ಟಿಪ್ಪು ಸುಲ್ತಾನ ಮಡಿದು, ರಾಜಧಾನಿ ಮೈಸೂರಿಗೆ ಹೋದ ಮೇಲೆ ದಸರೆಯೂ ಅದರ ಹಿಂದೆಯೇ ಹೋಯಿತು. ಕಾವೇರಿ ಎರಡಾಗಿ ಸೀಳಿ ಬಳಸಿದ ಈ ದ್ವೀಪದ ಉದ್ದ ಸುಮಾರು 5 ಕಿಲೋಮೀಟರು. ನೋಡಲು ಹೋದರೆ ಅರ್ಧ ದಿನದ ಊರು. ಅಳೆಯಲು ಹೋದರೆ ಒಂದು ರಜೆ ಸಾಲದು.

ಅದಕ್ಕೇ ನಾವು ಒಯ್ಯುವುದು ಕ್ಯಾಮೆರಾ ಅಲ್ಲ. ಸರಿಯಾಗಿ ಒಂದು ಮೀಟರ್ ಉದ್ದದ ಕೋಲು, ಕಲ್ಲು ಕಟ್ಟಿದ ದಾರ, ದಿಕ್ಸೂಚಿ, ಒಂದು ಕೈಗಡಿಯಾರ, ಮತ್ತು ನಮ್ಮ ದೈಹಿಕ ಶಿಕ್ಷಕರು ಉದ್ದಜಿಗಿತ ಅಳೆಯಲು ಇಟ್ಟುಕೊಂಡಿರುವ 30 ಮೀಟರಿನ ಟೇಪು. ಜೊತೆಗೆ ಮನೆಮನೆಯ ಚಿತ್ರಾನ್ನ, ಪುಳಿಯೋಗರೆ. ಶರದೃತು ಇದಕ್ಕೆಲ್ಲ ಹೇಳಿ ಮಾಡಿಸಿದ ಕಾಲ. ಮಳೆ ಹಿಂದೆ ಸರಿಯುತ್ತಿರುತ್ತದೆ, ಗಾಳಿಯಲ್ಲಿ ಧೂಳಿರುವುದಿಲ್ಲ, ನೆರಳಿನ ಅಂಚು ಚೊಕ್ಕವಾಗಿ ಬೀಳುತ್ತದೆ.

ಮೊದಲು ಕೋಲಿನ ಕೆಲಸ. ಬಯಲಿನಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿ (ಕಲ್ಲು ಕಟ್ಟಿದ ದಾರ ಬೇಕಾಗುವುದು ಇದಕ್ಕೇ), ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಬೆಣಚುಕಲ್ಲು ಇಡುತ್ತಾ ಹೋಗಿ. ನೆರಳು ಅತ್ಯಂತ ಗಿಡ್ಡವಾಗುವುದು ಹನ್ನೆರಡಕ್ಕೆ ಎಂದು ಮಕ್ಕಳೆಲ್ಲ ಪಂಥ ಕಟ್ಟುತ್ತಾರೆ, ಎಲ್ಲರೂ ಸೋಲುತ್ತಾರೆ. ಅಕ್ಟೋಬರ್ 10ರ ಸುಮಾರಿಗೆ ಅದು ಗಿಡ್ಡವಾಗುವುದು 12 ಗಂಟೆ 10 ನಿಮಿಷಕ್ಕೆ. ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಶ್ರೀರಂಗಪಟ್ಟಣ ಇರುವುದು 76.7ರಲ್ಲಿ. ಹೀಗಾಗಿ ಸೂರ್ಯ ನಮ್ಮ ನೆತ್ತಿಯ ಗೆರೆಗೆ 23 ನಿಮಿಷ ತಡವಾಗಿ ಬರಬೇಕು. ಆದರೆ ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಈ ಎರಡು ಕಾರಣದಿಂದ ಅಕ್ಟೋಬರಿನಲ್ಲಿ ಸೂರ್ಯ ಹದಿಮೂರು ನಿಮಿಷ ಮುಂದಿರುತ್ತಾನೆ. ಇಪ್ಪತ್ತಮೂರರಲ್ಲಿ ಹದಿಮೂರು ಕಳೆಯಿರಿ. ಇದೇ ಪ್ರಯೋಗವನ್ನು ಫೆಬ್ರುವರಿಯ ಎರಡನೇ ವಾರ ಮಾಡಿದರೆ 12.37 ಬರುತ್ತದೆ. ಆ ಗಿಡ್ಡ ನೆರಳಿನ ಉದ್ದ ಅಂದು ಸುಮಾರು 34 ಸೆಂಟಿಮೀಟರು, ಮತ್ತು ಅದು ತೋರಿಸುವುದು ನೇರ ಉತ್ತರ ದಿಕ್ಕನ್ನು.

ಇನ್ನು ಗೋಪುರ. ರಂಗನಾಥಸ್ವಾಮಿ ದೇವಾಲಯದ ಗೋಪುರದ ಎತ್ತರವನ್ನು ಹತ್ತದೆ ಅಳೆಯಬೇಕು. ಉಪಾಯ ತೀರಾ ಹಳೆಯದು. ಕೋಲಿನ ನೆರಳು ಕೋಲಿನಷ್ಟೇ ಉದ್ದವಾದ ಗಳಿಗೆಯಲ್ಲಿ ಗೋಪುರದ ನೆರಳೂ ಗೋಪುರದಷ್ಟೇ ಉದ್ದ. ಅಕ್ಟೋಬರಿನಲ್ಲಿ ಇದು ದಿನಕ್ಕೆ ಎರಡು ಸಲ ಆಗುತ್ತದೆ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ, ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು. ಬೆಳಗಿನ ನೆರಳು ಗುಡಿಯೊಳಗೆ ಬೀಳುವುದರಿಂದ ಉಪಯೋಗವಿಲ್ಲ. ಮಧ್ಯಾಹ್ನದ್ದು ಮುಂದಿನ ಬಯಲಿಗೆ ಬೀಳುತ್ತದೆ.

ಆ ದಿನ ನಾವು ಎರಡೂ ಮುಕ್ಕಾಲಕ್ಕೇ ಸಜ್ಜಾಗಿ ನಿಂತಿದ್ದೆವು. ಒಬ್ಬ ಕೋಲು ಹಿಡಿದ. “ಸಮ ಆಯ್ತು!” ಎಂದು ಕೂಗಿದ ತಕ್ಷಣ ಇನ್ನೊಬ್ಬ ಓಡಿಹೋಗಿ ನಡುವಿನ ಕಳಶದ ನೆರಳಿನ ಮೇಲೆ ಸುಣ್ಣದ ಗುರುತು ಹಾಕಿದ. ಗೋಪುರದ ಗೋಡೆಯಿಂದ ಗುರುತಿನವರೆಗೆ ಟೇಪು ಹಿಡಿದು, ಉತ್ತರ ಬರೆದುಕೊಂಡು, ಕಡಲೆಕಾಯಿ ತಿನ್ನಲು ಕುಳಿತೆವು. ಆಗ ಆ ಟ್ಯೂಷನ್ ಹುಡುಗಿ ಮೆಲ್ಲಗೆ, “ಸಾರ್, ಕಳಶ ಗೋಡೆ ಮೇಲೆ ಇಲ್ವಲ್ಲ?” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೋಗಿ ಬಾಗಿಲಿನ ನಡುವೆ ನಿಂತು ತೋರಿಸಿದಳು. ಕಳಶ ಇರುವುದು ಗೋಪುರದ ದಪ್ಪದ ನಟ್ಟನಡುವೆ. ನೆರಳನ್ನು ಅಳೆಯಬೇಕಾದದ್ದು ಅದರ ನೇರ ಕೆಳಗಿನ ಬಿಂದುವಿನಿಂದ, ಅಂದರೆ ಬಾಗಿಲ ದಾರಿಯ ಮಧ್ಯದಿಂದ. ಗೋಡೆಯ ದಪ್ಪದಲ್ಲಿ ಅರ್ಧವನ್ನು ನಾವು ನುಂಗಿಬಿಟ್ಟಿದ್ದೆವು. ಧ್ವಜಸ್ತಂಭಕ್ಕೂ ತೆಂಗಿನ ಮರಕ್ಕೂ ಈ ಲೆಕ್ಕ ಹೇಳಿಕೊಟ್ಟೇ ಅಭ್ಯಾಸವಾಗಿದ್ದ ನಾನು, ಐದಾರು ವರ್ಷ ಇದೇ ಗೋಪುರದ ಮುಂದೆ ಮಕ್ಕಳಿಗೆ ತಪ್ಪು ಉತ್ತರ ಬರೆಸಿ, ‘ಸರಿ’ ಎಂದು ಗೀಟು ಹಾಕಿ ಕಳಿಸಿದ್ದೆ. ಅದನ್ನು ಅಲ್ಲೇ ಮಕ್ಕಳ ಮುಂದೆ ಒಪ್ಪಿಕೊಂಡೆ. ಎಲ್ಲರೂ ಎದ್ದು ಮತ್ತೆ ಅಳೆದೆವು. ನೆರಳು ಈಶಾನ್ಯದ ಕಡೆಗೆ ಓರೆಯಾಗಿ ಬಿದ್ದಿದ್ದರಿಂದ ಬಾಗಿಲ ಮಧ್ಯದಿಂದ ಟೇಪು ನೇರ ಹಿಡಿಯಲು ಗೋಡೆ ಅಡ್ಡ ಬರುತ್ತಿತ್ತು. ಮೊದಲು ನೇರ ಪೂರ್ವಕ್ಕೆ ಅಳೆದು, ಅಲ್ಲಿಂದ ಉತ್ತರಕ್ಕೆ ಅಳೆದು, ಪೈಥಾಗೊರಸನನ್ನು ಕರೆಯಬೇಕಾಯಿತು. ಹತ್ತನೆಯವರಿಗೂ ಒಂದು ಕೆಲಸ ಸಿಕ್ಕಿತು. ಉತ್ತರ ಎಷ್ಟು ಬಂತೆಂದು ಇಲ್ಲಿ ಹೇಳುವುದಿಲ್ಲ, ನೀವೇ ಹೋಗಿ ಅಳೆಯಿರಿ. ದರ್ಶನಕ್ಕೆ ಬರುವವರ ಕಾಲಿಗೆ ಟೇಪು ತೊಡರದಂತೆ ನೋಡಿಕೊಳ್ಳಿ.

ದರಿಯಾ ದೌಲತ್ತಿನಲ್ಲಿ ಟೇಪಿಗೆ ಕೆಲಸವಿಲ್ಲ, ಕಣ್ಣಿಗೆ ಉಂಟು. 1784ರ ಈ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಮಕ್ಕಳಿಗೆ ಎರಡು ಪ್ರಶ್ನೆ ಕೊಟ್ಟು ಬಿಟ್ಟುಬಿಡಿ: ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ ಎಲ್ಲಿ? ಸಿಡಿಯುತ್ತಿರುವ ಮದ್ದಿನ ಗಾಡಿ ಎಲ್ಲಿ? ಅರ್ಧ ಗಂಟೆ ಸದ್ದೇ ಇರುವುದಿಲ್ಲ. ಮೈಸೂರಿನ ರಾಕೆಟ್ಟುಗಳ ವಿಷಯ ಎತ್ತಲೂ ಇದೇ ಜಾಗ. ಅವುಗಳ ಗುಟ್ಟು ಕಬ್ಬಿಣದ ಕೊಳವೆ. ಕಾಗದ, ಬಿದಿರಿಗಿಂತ ಅದು ಹೆಚ್ಚು ಒತ್ತಡ ತಡೆಯುತ್ತಿತ್ತು, ಆದ್ದರಿಂದ ರಾಕೆಟ್ಟು ಹೆಚ್ಚು ದೂರ ಹೋಗುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಮನೆಗೆ ಬಂದ ಮೇಲೆ ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ, ಅದಕ್ಕೆ ಸ್ಟ್ರಾ ಪೋಣಿಸಿ, ಸ್ಟ್ರಾಗೆ ಊದಿದ ಬಲೂನು ಅಂಟಿಸಿ ಬಿಡಿ. ದೀಪಾವಳಿಯವರೆಗೂ ಮಕ್ಕಳಿಗೆ ಬೇರೆ ಆಟ ಬೇಡ.

ರೈಲು ನಿಲ್ದಾಣದ ಕಡೆ ಹೋದರೆ ಟಿಪ್ಪುವಿನ ಮದ್ದಿನ ಮನೆಯನ್ನೂ ನೋಡಿ. ಜೋಡಿ ಹಳಿಗೆ ಅಡ್ಡವಾಗಿದ್ದ ಆ ಕಟ್ಟಡವನ್ನು ಒಡೆಯದೆ, ನೂರಾರು ಟನ್ ತೂಕದ ಇಡೀ ಕಟ್ಟಡವನ್ನೇ ಎತ್ತಿ 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಭಾರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಹೊಳೆಯ ಮಾತು. ಇದನ್ನು ತಂದೆತಾಯಿಗಳು ಓದಬೇಕು.

ಹದಿನೈದು ವರ್ಷದ ಹಿಂದೆ, ನಾನು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ, ಹೊಳೆಯ ವೇಗ ಅಳೆಯುವ ಪ್ರಯೋಗವನ್ನು ನೀರಿನ ಅಂಚಿನಲ್ಲೇ ಮಾಡಿಸಿದೆ. ಒಬ್ಬ ಮೇಲೆ ನಿಂತು ಎಲೆ ಬಿಡುವುದು, ಇನ್ನೊಬ್ಬ ಕೆಳಗೆ ನಿಂತು ಹಿಡಿಯುವುದು. ಮೊಣಕಾಲಷ್ಟೇ ನೀರು, ಏನಾದೀತು ಎಂದುಕೊಂಡಿದ್ದೆ. ಎಲೆ ಹಿಡಿಯಲು ಬಾಗಿದ ಹುಡುಗನ ಕಾಲು ಪಾಚಿಯ ಮೆಟ್ಟಿಲ ಮೇಲೆ ಜಾರಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಅವನ ಅಂಗಿ ಹಿಡಿಯದೇ ಇದ್ದಿದ್ದರೆ ಈ ಅಂಕಣ ಬರೆಯಲು ನನಗೆ ಮುಖವಿರುತ್ತಿರಲಿಲ್ಲ. ಆ ತಾಯಿ ನನಗೆ ಬೈದ ಬೈಗುಳ ಇವತ್ತಿಗೂ ನೆನಪಿದೆ. ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಆ ಸಂಜೆ ಹುಡುಗನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಮುಂದಿನ ನಾಲ್ಕು ದಸರೆ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಈಗ ಯಾರ ಪಾದವೂ ಒದ್ದೆಯಾಗಕೂಡದು, ಇದೊಂದೇ ಕಾನೂನು. ಒಣಗಿದ ಮೇಲಿನ ಮೆಟ್ಟಿಲಲ್ಲಿ ಕುಳಿತುಕೊಳ್ಳಿ. ದಡದ ಉದ್ದಕ್ಕೆ ಕಾಣುವ ಎರಡು ಗುರುತು ಆರಿಸಿ, ಒಂದು ಮರ, ಒಂದು ಕಂಬ, ಹೀಗೆ. ಅವುಗಳ ನಡುವಿನ ದೂರವನ್ನು ಮೇಲಿನ ದಾರಿಯಲ್ಲೇ ಅಳೆಯಿರಿ. ನೀವು ಏನನ್ನೂ ಎಸೆಯಬೇಕಿಲ್ಲ, ಕಸಕಡ್ಡಿ, ಜೊಂಡು ತಾವಾಗಿಯೇ ತೇಲಿ ಬರುತ್ತವೆ. ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ನೋಡಿ. ಆ ದಿನ ನಮಗೆ 30 ಮೀಟರಿಗೆ 25 ಸೆಕೆಂಡು ಬಂತು, ಅಂದರೆ ಸೆಕೆಂಡಿಗೆ 1.2 ಮೀಟರು. ಹೆಚ್ಚುಕಡಿಮೆ ನಾವು ನಡೆಯುವ ವೇಗ. “ಇಷ್ಟೇನಾ?” ಎಂದು ಮಕ್ಕಳು ನಕ್ಕರು. ಆಗ ಇನ್ನೊಂದು ಲೆಕ್ಕ ಹೇಳಿದೆ: ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆ ಎಂದು ಪತ್ರಿಕೆಯಲ್ಲಿ ಬಂದ ವರ್ಷ, ಗೇಟು ಎತ್ತಿದರೆ ಬೆಳಿಗ್ಗೆ ಕಂಡ ಮೆಟ್ಟಿಲು ಮಧ್ಯಾಹ್ನಕ್ಕೆ ಕಾಣುವುದಿಲ್ಲ. ಪಟ್ಟಣಕ್ಕೆ ಹೊರಡುವ ಮೊದಲು ಆ ಸುದ್ದಿ ಓದಿ, ನೀರು ಬಿಟ್ಟಿದ್ದರೆ ಹೊಳೆಯ ಹತ್ತಿರ ಹೋಗಲೇಬೇಡಿ. ಜಾರಿದ ಆ ಹುಡುಗ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ವರ್ಷ ಒಂದು ದಿನ ರಜೆ ಹಾಕಿ ಬಂದು, ನಮ್ಮ ಮಕ್ಕಳಿಗಿಂತ ಎರಡು ಮೆಟ್ಟಿಲು ಕೆಳಗೆ, ನೀರಿಗೆ ಬೆನ್ನು ಹಾಕಿ ಕುಳಿತಿರುತ್ತಾನೆ.

ನೀರಿಗಿಳಿಯಬೇಡಿ ಎಂದರೆ ಕೇಳದ ಮಕ್ಕಳನ್ನು ಹತ್ತಿರದ ರಂಗನತಿಟ್ಟಿಗೆ ಕರೆದೊಯ್ಯಿರಿ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಅದು ಹಸಿವಲ್ಲ, ಮೈಯ ಶಾಖ ಹೊರಹಾಕುವ ದಾರಿ. ಕಾರಣ ಏನೇ ಇರಲಿ, ಮಕ್ಕಳು ಆಮೇಲೆ ಹೇಳಿದ ಮಾತು ಕೇಳುತ್ತಾರೆ. ಸಮಯ ಮಿಕ್ಕಿದರೆ ಪಶ್ಚಿಮವಾಹಿನಿಗೆ ಹೋಗಿ, ಹೊಳೆ ನಿಜವಾಗಿ ಪಶ್ಚಿಮಕ್ಕೆ ಹರಿಯುತ್ತದೆಯೇ ಎಂದು ದಿಕ್ಸೂಚಿ ಇಟ್ಟು ಪರೀಕ್ಷಿಸಿ.

ಕತ್ತಲಾದ ಮೇಲೆ ಕೊನೆಯ ಕೆಲಸ. ದೀಪಗಳಿಂದ ದೂರ, ಉತ್ತರ ದಿಕ್ಕು ತೆರೆದಿರುವ ಒಂದು ಮನೆಯ ತಾರಸಿ ಸಾಕು. ಅಲ್ಲಿ ಮಕ್ಕಳಿಗೆ ಒಂದು ಕಥೆ ಹೇಳುವುದುಂಟು. 1799ರ ಏಪ್ರಿಲ್‌ನ ಒಂದು ರಾತ್ರಿ ಈ ಪಟ್ಟಣದ ಹೊರಗೆ ಜನರಲ್ ಬೇರ್ಡ್ ತನ್ನ ಪಡೆಯನ್ನು ನಡೆಸಿಕೊಂಡು ಹೊರಟಿದ್ದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ತಲೆಯೆತ್ತಿ ನಕ್ಷತ್ರ ನೋಡಿ, ನಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ನೇರ ಟಿಪ್ಪುವಿನ ಪಾಳೆಯದತ್ತ ಹೋಗುತ್ತಿದ್ದೇವೆ ಎಂದು ಎಚ್ಚರಿಸಿದ. ದಿಕ್ಸೂಚಿ ತೆಗೆದು ನೋಡಿದರೆ ಅವನ ಮಾತೇ ಸರಿ. ಮುಂದೆ 1802ರಲ್ಲಿ ಮದರಾಸಿನಿಂದ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟವನು ಇದೇ ಲ್ಯಾಂಬ್ಟನ್.

ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನೀವು ನಿಂತ ಊರಿನ ಅಕ್ಷಾಂಶ. ಪಟ್ಟಣಕ್ಕೆ ಅದು 12.4. ಅಕ್ಟೋಬರಿನ ಸಂಜೆ ಸಪ್ತರ್ಷಿ ಮಂಡಲ ಕೆಳಗಿಳಿದಿರುತ್ತದೆ. ಈಶಾನ್ಯದಲ್ಲಿ ಡಬ್ಲ್ಯು ಅಕ್ಷರ ಮಗ್ಗುಲಾಗಿ ಬಿದ್ದಂತೆ ಕಾಣುವ ಕ್ಯಾಸಿಯೋಪಿಯದಿಂದ ಎಡಕ್ಕೆ, ಕೆಳಗೆ ಹುಡುಕಬೇಕು. ಕೈ ಪೂರ್ತಿ ಚಾಚಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಒಂದು ಬೆರಳು ಸುಮಾರು 2.

ಎಂಟಕ್ಕೆ ಹುಡುಗಿಯ ತಂದೆ ಟಿವಿಎಸ್ ನಿಲ್ಲಿಸಿ ತಾರಸಿ ಹತ್ತಿ ಬಂದರು. ಮಗಳು ಅವರ ಕೈ ಹಿಡಿದು ಚಾಚಿಸಿ, ಒಂದು ಕಣ್ಣು ಮುಚ್ಚಿಸಿದಳು. ಸ್ವಲ್ಪ ಹೊತ್ತು ಅವರು ಹಾಗೇ ನಿಂತಿದ್ದರು.

“ಒಂದ್ ಮುಷ್ಟಿ, ಮ್ಯಾಲೊಂದ್ ಬೆಳ್ಳು. ಅಷ್ಟೇಯಾ?”

“ಅಷ್ಟೇ ಅಪ್ಪ.”

“ನಮ್ಮೂರಲ್ಲೂ ಇಷ್ಟೇ ಇರ್ತದಾ, ಸಾ?” ಎಂದು ನನ್ನನ್ನು ಕೇಳಿದರು. ಮನೆಗೆ ಹೋಗಿ ಅಳೆದು ನೋಡಿ ಎಂದೆ.