ಬಿಟ್ಟು ಹೋಗುವವನ ಕೊನೇ ತಿಂಗಳು

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಮಾಲೀಕರ ಗೊಣಗು ಹೊಸದೇನಲ್ಲ: "ಹೋಗೋನು ಸುಮ್ನೆ ಹೋಗಲ್ಲ, ತಿಂಗಳು ಪೂರ್ತಿ ಜೀವ ತಿಂದು ಹೋಗ್ತಾನೆ." ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು.

ಬಟ್ಟೆ ಅಂಗಡಿಯೊಂದನ್ನೇ ತೆಗೆದುಕೊಳ್ಳಿ. ಎಂಟು ವರ್ಷದ ಹಳೇ ಸೇಲ್ಸ್‌ಮನ್. ಸೀರೆ ಬಿಚ್ಚಿ ಹಾಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಾಯಿ ಮಾತ್ರ ಜೋರು. ಹರಿಹರದ ಬಸ್ಸು ಲೇಟಾಯ್ತು ಅಂತ ವಾರಕ್ಕೆ ಮೂರು ದಿನ ಹೇಳುತ್ತಾನೆ. ಅದೇ ಬಸ್ಸಿಗೆ ಬರುವ ಹುಡುಗಿ ಹತ್ತಕ್ಕೆ ಸರಿಯಾಗಿ ಕಸ ಗುಡಿಸುತ್ತಿರುತ್ತಾಳೆ. ಒಂದು ದಿನ, "ಸಾವ್ಕಾರ್ರೇ, ಬರೋ ತಿಂಗಳಿಂದ ನಾನ್ ಬರಲ್ಲ" ಅಂದ. ಎದುರಿನ ಅಂಗಡಿಯಲ್ಲಿ ಎರಡು ಸಾವಿರ ಜಾಸ್ತಿಯಂತೆ. ದೀಪಾವಳಿಗೆ ಐದೇ ವಾರ.

ಇಲ್ಲಿಂದ ಸಾಹುಕಾರರ ಪೌರುಷ ಶುರುವಾಗುತ್ತದೆ. ಗಿರಾಕಿ ಮುಂದೆ ಬೈಗುಳ. ಅರ್ಧ ತಿಂಗಳ ಸಂಬಳಕ್ಕೆ ತಡೆ. ಯಾವತ್ತೋ ಕಾಣೆಯಾದ ನಾಲ್ಕು ಸೀರೆ ಈಗ ಇದ್ದಕ್ಕಿದ್ದಂತೆ ಅವನ ಲೆಕ್ಕಕ್ಕೆ. ಮೇಲೆ, "ಎದುರಂಗಡಿ ಮೆಟ್ಟಿಲು ಹತ್ತಿದ್ರೆ ನೋಡ್ಕೋ" ಎಂಬ ಧಮಕಿ.

ಈ ಧಮಕಿಗೆ ಕಾಸಿನ ಬೆಲೆಯಿಲ್ಲ. ಕೆಲಸ ಬಿಟ್ಟ ಮೇಲೆ ಇಂಥ ವ್ಯಾಪಾರ, ಇಂಥ ನೌಕರಿ ಮಾಡಕೂಡದೆಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. 1872ರ ಕರಾರು ಕಾಯಿದೆಯ 27ನೇ ಕಲಮು ಅಂಥ ಕರಾರನ್ನೇ ಅಸಿಂಧು ಎನ್ನುತ್ತದೆ. ಬ್ರಿಟಿಷರ ಕಾಲದಿಂದ ಇರುವ ಮಾತು ಇನ್ನೂ ಪೇಟೆಗೆ ತಲುಪಿಲ್ಲ!

ಸಂಬಳ ತಡೆಯುವುದೂ ಅಷ್ಟೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತಾನಾಗಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳ ಒಳಗೆ ಬಾಕಿ ಸಂಬಳ ಕೊಡಬೇಕು. ಅವನ ವಶಕ್ಕೆ ಕೊಟ್ಟ ಮಾಲು ಅವನ ಬೇಜವಾಬ್ದಾರಿಯಿಂದಲೇ ಹೋಗಿದ್ದರೆ ಹಿಡಿದುಕೊಳ್ಳಬಹುದು. ಆದರೆ ಮೊದಲು ಅವನ ಮಾತು ಕೇಳಬೇಕು. ಸಿಟ್ಟು ಬಂದ ದಿನ ಹಳೇ ಸೀರೆ ನೆನಪಾಯಿತು ಅಂದರೆ ನಡೆಯದು.

ಹಾಗಂತ ಸೇಲ್ಸ್‌ಮನ್ ಪಾಪದವನು ಎಂದಲ್ಲ. ಕೊನೇ ತಿಂಗಳಲ್ಲಿ ಬೇಕೆಂದೇ ತಡವಾಗಿ ಬರುವುದು, ಉಳಿದ ಹುಡುಗರ ಕಿವಿ ಊದುವುದು, "ಇಲ್ಲಿ ಬೇಡ ಅಕ್ಕಾ, ಮುಂದಿನ ತಿಂಗಳು ಎದುರಂಗಡಿಗೆ ಬನ್ನಿ, ಕಮ್ಮಿ ಮಾಡಿಸ್ತೀನಿ" ಎಂದು ಪಿಸುಗುಡುವುದು, ಇವೆಲ್ಲ ನಡೆಯುತ್ತವೆ. ಅನ್ನ ಹಾಕಿದ ಅಂಗಡಿಯ ಗಲ್ಲಾ ಪಕ್ಕದಲ್ಲೇ ನಿಂತು ಹೀಗೆ ಮಾಡುವುದು ಯಾವ ಬಾಯಿಗೂ ಒಪ್ಪುವ ಮಾತಲ್ಲ.

ಅಂಥವನನ್ನು ಐದು ವಾರ ಇಟ್ಟುಕೊಂಡು ದಿನಾ ಕುದಿಯುವುದಕ್ಕಿಂತ, ತಿಂಗಳ ಸಂಬಳ ಎಣಿಸಿ ಕೊಟ್ಟು ಅವತ್ತೇ ಕಳಿಸುವುದು ಅಗ್ಗ. ದುಡ್ಡು ಕೊಡದೆ "ನಾಳೆಯಿಂದ ಬರಬೇಡ" ಎಂದರೆ ಮಾತ್ರ ಕಥೆ ಬೇರೆ. ಆಗ ಬಿಟ್ಟವನು ಅವನಲ್ಲ, ಬಿಡಿಸಿದವರು ನೀವು ಎಂಬ ವಾದ ಹುಟ್ಟುತ್ತದೆ. ಆರು ತಿಂಗಳು ದುಡಿದ ನೌಕರನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡದೆ ತೆಗೆಯಬಾರದೆಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ಕಲಮು ಹೇಳುತ್ತದೆ. ದುರ್ನಡತೆ ಎಂದರೆ ವಿಚಾರಣೆ ಆಗಬೇಕು, ಪುರಾವೆ ಬೇಕು. ಗಲ್ಲಾದ ಮೇಲೆ ಕೂತು ಕೊಟ್ಟ ತೀರ್ಪು ವಿಚಾರಣೆ ಅಲ್ಲ.

ಇನ್ನು ಅಷ್ಟೇನೂ ವಿಷ ಕಾರದವನಾದರೆ, ಆ ತಿಂಗಳನ್ನು ಕೆಲಸಕ್ಕೆ ಹಚ್ಚಬೇಕು. ಎಲ್ಲಕ್ಕಿಂತ ಮೊದಲು ಉದ್ರಿ ಪುಸ್ತಕ. ಯಾವ ಹಳ್ಳಿಯ ಯಾವ ಗೌಡರು ಮದುವೆ ಜವಳಿಯಲ್ಲಿ ಎಷ್ಟು ಬಾಕಿ ಉಳಿಸಿದ್ದಾರೆ ಎಂಬುದು ಪುಸ್ತಕಕ್ಕಿಂತ ಹೆಚ್ಚಾಗಿ ಸೇಲ್ಸ್‌ಮನ್ ತಲೆಯಲ್ಲಿರುತ್ತದೆ. ಅದನ್ನು ಬೈದು ತೆಗೆಯಲಾಗದು. ಟೀ ತರಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಹೆಸರು ಓದಿಸಬೇಕು. ಅವನ ಜಾಗಕ್ಕೆ ಬರುವ ಹುಡುಗನೂ ಆಗ ಅಲ್ಲಿರಲಿ. ಮಾಲಿನ ಎಣಿಕೆ ಇಬ್ಬರೂ ಕೂತು ಮಾಡಿ ಸಹಿ ಹಾಕಿಕೊಂಡರೆ, ನಾಳೆ ಸೀರೆ ಹೋಯಿತೆಂದು ಇವರೂ ಕೂಗುವಂತಿಲ್ಲ, ಸುಳ್ಳು ಆರೋಪ ಎಂದು ಅವನೂ ಕೂಗುವಂತಿಲ್ಲ. ಅಂಗಡಿಯ ಬೀಗದ ಕೈ, ಅಂಗಡಿ ದುಡ್ಡು ಬರುವ ಮೊಬೈಲು, ಅದರ ಪಿನ್ ನಂಬರು, ಇವುಗಳನ್ನು ಮರೆತು ಆಮೇಲೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವವರೂ ಇದ್ದಾರೆ.

ರಾಜೀನಾಮೆಯನ್ನು ತಾರೀಖು ಹಾಕಿಸಿ ಬರಹದಲ್ಲೇ ಪಡೆಯಬೇಕು. ನೌಕರ ಎಷ್ಟು ದಿನ ಮುಂಚೆ ಹೇಳಬೇಕು ಎಂಬುದು ನೇಮಕದ ಪತ್ರದಲ್ಲಿರಬೇಕಾದ ಮಾತು. ಆ ಪತ್ರ ಕೊಟ್ಟಿರುವ ಅಂಗಡಿ ಪೇಟೆಯಲ್ಲಿ ಎಷ್ಟಿವೆಯೋ, ಮಾಲೀಕರೇ ಎದೆ ಮುಟ್ಟಿ ಹೇಳಲಿ.

ಹತ್ತು ಜನ ದುಡಿಯುವ ಅಂಗಡಿಯಾದರೆ ಐದು ವರ್ಷ ತುಂಬಿದವನಿಗೆ ಗ್ರಾಚ್ಯುಟಿಯೂ ಉಂಟು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳ ಲೆಕ್ಕ ಹಾಕಬೇಕು. ಎಂಟು ವರ್ಷದವನಿಗೆ ಅದು ನಾಲ್ಕೂವರೆ ತಿಂಗಳ ಸಂಬಳ ಮೀರುತ್ತದೆ. ಬಾಯಿ ಜೋರಿನವನು ಎಂದು ಅದರಲ್ಲಿ ಒಂದು ಪೈಸೆಯೂ ಕಮ್ಮಿಯಾಗುವುದಿಲ್ಲ. "ದೀಪಾವಳಿ ಕಳೀಲಿ, ಆಮೇಲೆ ಬಾ" ಎಂದು ಸಾಗಹಾಕುವ ಸಾಹುಕಾರರ ಮುಖವನ್ನು ಹರಿಹರದ ಬಸ್ಸಿಗೆ ಬರುವ ಆ ಹುಡುಗಿಯೂ ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾಳೆ. ಅವಳಿಗೂ ಎದುರಂಗಡಿಯ ದಾರಿ ಗೊತ್ತಿದೆ.