ಮರ ಹತ್ತದ ಪದವಿ

ಈ ಸಲ ಮಳೆ ಹಿಡಿಯುವ ಮುಂಚೆ ಆನಂದಪುರಕ್ಕೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿನ ಹೋಟೆಲಿನಲ್ಲಿ ನನ್ನ ದೂರದ ನೆಂಟರೊಬ್ಬರು ಸಿಕ್ಕಿದರು. ಮಗನಿಗೆ ಎಂಜಿನಿಯರಿಂಗ್ ಸೀಟು ಹುಡುಕುವ ತಲೆಬಿಸಿಯಲ್ಲಿದ್ದರು. ಕೈಯಲ್ಲಿ ಕಾಲೇಜುಗಳ ಹೆಸರು ಬರೆದ ಉದ್ದನೆಯ ಪಟ್ಟಿ.

“ಕಂಪ್ಯೂಟರ್ ಸೈನ್ಸ್ ಸಿಗೋ ಹಾಗೆ ಕಾಣೋದಿಲ್ಲ. ರೋಬೋಟಿಕ್ಸ್ ಸಿಗ್ತದೆ ಅಂತಾರೆ. ತಗೊಳ್ಳಬಹುದಾ ಮಾರಾಯ್ರೆ?”

“ಹುಡುಗ ಏನಂತಾನೆ?”

“ಅವನದ್ದೇನು, ಕೆಲ್ಸ ಸಿಕ್ಕರೆ ಸೈ.”

ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದವನು ಅವರ ತೋಟಕ್ಕೆ ಮದ್ದು ಹೊಡೆಯಲು ಬಂದಿದ್ದ ಆಳು. ಐವತ್ತು ದಾಟಿದವನು. ಲೋಟ ಕೆಳಗಿಟ್ಟು ಕೇಳಿದ: “ಹೆಗಡೇರೆ, ಅದು ಕಲ್ತವ್ರು ಮಾಡೋ ಮಿಷನ್ನು ಮರ ಹತ್ತತದಾ?”

ನಾವಿಬ್ಬರೂ ನಕ್ಕೆವು. ಆದರೆ ಆ ಪಟ್ಟಿಯಲ್ಲಿದ್ದ ಯಾವ ಕಾಲೇಜಿನ ಪ್ರವೇಶ ಪುಸ್ತಿಕೆಗಿಂತಲೂ ಅವನ ಪ್ರಶ್ನೆ ಹೆಚ್ಚು ಬುದ್ಧಿಯದು ಎಂದು ನನಗೆ ಈಗ ಅನ್ನಿಸುತ್ತಿದೆ. ನಮ್ಮ ನಗರದ ವಾಚಕರಿಗೆ, ಅದರಲ್ಲೂ ಪಿಯುಸಿ ಮುಗಿಸಿದ ಮಕ್ಕಳಿರುವ ತಂದೆತಾಯಿಗಳಿಗೆ, ಅದನ್ನು ತಲುಪಿಸುವ ಸಲುವಾಗಿಯೇ ಈ ಬರಹ. ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಬೇಕು.

ಯಂತ್ರಶಾಸ್ತ್ರ, ವಿದ್ಯುತ್ತು, ಗಣಕ ಈ ಮೂರನ್ನೂ ಒಟ್ಟು ಹೊಸೆದ ವಿದ್ಯೆಗೆ ಮೆಕಟ್ರಾನಿಕ್ಸ್ ಎಂದು ಹೆಸರಿಟ್ಟದ್ದು 1969ರಲ್ಲಿ, ಜಪಾನಿನ ಯಾಸ್ಕಾವ ಎಂಬ ಮೋಟಾರು ತಯಾರಿಸುವ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ. ಹೆಸರು ಹುಟ್ಟಿದ್ದು ಕಾರ್ಖಾನೆಯ ನೆಲದ ಮೇಲೆ. ವಿಶ್ವವಿದ್ಯಾಲಯಗಳು ಅದನ್ನು ಆಮೇಲೆ ಎತ್ತಿಕೊಂಡವು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಮೊದಲು ಬೋರ್ಡು ಬರುತ್ತದೆ, ಸೀಟು ಬರುತ್ತದೆ, ಶುಲ್ಕ ಬರುತ್ತದೆ. ಲೇತು, ಮೋಟಾರು, ಅವನ್ನು ಬಲ್ಲ ಮೇಷ್ಟರು ಇವೆಲ್ಲ ಬಂದಾಗ ಬಂದವು. ಮೆಕ್ಯಾನಿಕಲ್ ವಿಭಾಗದಲ್ಲಿ ಸೀಟು ತುಂಬದಿದ್ದರೆ ಅದೇ ಕೊಠಡಿಗೆ ಹೊಸ ಹೆಸರು ಬಳಿದು ತುಂಬಿಸುವ ಜಾಣತನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲರೂ ಹಾಗೆಂದೂ ಹೇಳುವುದಿಲ್ಲ.

ತಪ್ಪು ಕಾಲೇಜಿನವರದ್ದೇ ಎನ್ನೋಣವೆ? ಗಿರಾಕಿ ಕೇಳಿದ್ದನ್ನು ಅಂಗಡಿಯವನು ಇಡುತ್ತಾನೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಕೊಳ್ಳುವ ನಾವು ಮಗನ ನಾಲ್ಕು ವರ್ಷವನ್ನು ಹೆಸರು ನೋಡಿ ಕೊಳ್ಳುತ್ತೇವೆ. ರೋಬೋಟು ಎಂದರೆ ಸಿನಿಮಾದಲ್ಲಿ ಕಂಡ ಲೋಹದ ಮನುಷ್ಯ. ಅದನ್ನು ಕಲಿತವನು ಅಮೆರಿಕಕ್ಕೆ ಹೋಗುತ್ತಾನೆ. ಇಷ್ಟೇ ನಮ್ಮ ವಿಚಾರ. ನಾಲ್ಕು ವರ್ಷ ಕಳೆದ ಮೇಲೆ ಆ ಹುಡುಗನೂ ಕಂಪ್ಯೂಟರ್ ಸೈನ್ಸಿನವನೂ ಬೆಂಗಳೂರಿನ ಒಂದೇ ಕಟ್ಟಡದಲ್ಲಿ, ಒಂದೇ ಬಗೆಯ ಮೇಜಿನ ಮುಂದೆ ಕೂತು ಯಾವುದೋ ಬ್ಯಾಂಕಿನ ಲೆಕ್ಕದ ತಂತ್ರಾಂಶ ತಿದ್ದುತ್ತಿದ್ದರೆ ಆಶ್ಚರ್ಯಪಡುವವರು ಯಾರೂ ಇಲ್ಲ. ಸಂಬಳ ಬರುತ್ತದೆ, ನಿಜ. ಹಾಗಾದರೆ ಮೋಟಾರು, ಗೇರು, ಸೆನ್ಸರುಗಳ ಪಾಠ ಏತಕ್ಕಾಗಿ?

ಇನ್ನೊಂದು ಪಂಗಡವಿದೆ. “ಮೊದಲು ಮೆಕ್ಯಾನಿಕಲ್ಲನ್ನೋ ಎಲೆಕ್ಟ್ರಿಕಲ್ಲನ್ನೋ ಗಟ್ಟಿಯಾಗಿ ಓದಲಿ, ರೋಬೋಟಿಕ್ಸ್ ಎಂಟೆಕ್‌ನಲ್ಲಿ ಇದ್ದೇ ಇದೆ. ಈಗಲೇ ಸೇರಿದರೆ ಎಲ್ಲದರಲ್ಲೂ ಸ್ವಲ್ಪ, ಯಾವುದರಲ್ಲೂ ಪೂರ್ತಿಯಿಲ್ಲ” ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಆದರೆ ಮೂರು ವಿದ್ಯೆಗಳು ಸೇರುವ ಜಾಗದಲ್ಲಿ ಮೂವರು ಪಂಡಿತರನ್ನು ಕೂರಿಸಿದರೆ, ಯಂತ್ರ ನಿಂತಾಗ ಒಬ್ಬ ಇನ್ನೊಬ್ಬನ ಕಡೆ ಕೈ ತೋರಿಸುತ್ತಾನೆ. ಮೂರನ್ನೂ ಕೂಡಿಸಿ ಯೋಚಿಸುವವನು ಬೇಕೇ ಬೇಕು. ಅಂಥವನು ತಯಾರಾಗುವುದು ಪಾಠಪಟ್ಟಿಯಿಂದಲ್ಲ, ಎದುರಿಗಿರುವ ಒಂದು ಹಟಮಾರಿ ಕೆಲಸದಿಂದ.

ಅಂಥ ಕೆಲಸ ಬೇಕೆ? ಆನಂದಪುರದ ಅಡಿಕೆ ತೋಟಕ್ಕೆ ಬನ್ನಿ.

ನಲವತ್ತು ಐವತ್ತು ಅಡಿ ಎತ್ತರದ ಮರ. ಬುಡದಿಂದ ತುದಿಗೆ ಹೋದಂತೆ ಸಪೂರ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತದೆ, ಗಾಳಿಗೆ ತೂಗುತ್ತದೆ. ತುದಿಯಲ್ಲಿ ಗೊನೆ. ಕೊಳೆರೋಗ ಬಾರದಿರಬೇಕಾದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿಸಿದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ಗೊನೆ ಪೂರ್ತಿ ನೆನೆಯುವಂತೆ ಹೊಡೆಯಬೇಕು. ಎರಡನೆಯದು ನಡುಮಳೆಯಲ್ಲಿ. ಪಳಗಿದ ಆಳು ಒಂದು ಮರದ ತುದಿಯಲ್ಲಿ ನಿಂತು ಪಕ್ಕದ ಮರವನ್ನು ಎಳೆದು ಹಿಡಿದು, ಕೆಳಗಿಳಿಯದೆ ದಾಟುತ್ತಾನೆ. ಜಾರಿ ಬಿದ್ದು ಸೊಂಟ ಮುರಿದುಕೊಂಡವರು, ಮತ್ತೆ ಏಳದವರು ಮಲೆನಾಡಿನಲ್ಲಿ ಹೊಸಬರಲ್ಲ. ಅವರ ಮಕ್ಕಳು ಮರ ಹತ್ತುವುದಿಲ್ಲ, ಹತ್ತಬೇಕೆಂದು ಯಾರು ಹೇಳಲಿ? ಆಳು ಸಿಗುವುದಿಲ್ಲವೆಂದು ಗೊಣಗುವ ತೋಟದವರ ಮಕ್ಕಳೂ ಹತ್ತುವುದಿಲ್ಲವಷ್ಟೆ.

2019ರಲ್ಲಿ ಬಂಟ್ವಾಳ ತಾಲೂಕು ಸಜಿಪಮೂಡದ ಗಣಪತಿ ಭಟ್ಟರು, ಮೇಲೆ ಕೂತು ಮರ ಏರುವ ಎಂಜಿನ್ ಗಾಡಿಯನ್ನು ತೋರಿಸಿದಾಗ ದೇಶವೇ ಬೆರಗಾಯಿತು. ಅವರು ಎಂಜಿನಿಯರರಲ್ಲ, ಕೃಷಿಕರು. ಈಗ ಕಾರ್ಬನ್ ಫೈಬರಿನ ದೋಟಿ ಬಂದು ನೆಲದಲ್ಲಿ ನಿಂತೇ ಗೊನೆ ಇಳಿಸುವುದು, ಮದ್ದು ಹೊಡೆಯುವುದು ಸಾಧ್ಯವಾಗಿದೆ. ಕತ್ತೆತ್ತಿ ದುಡಿಯುವವನ ಕೊರಳಿನ ನೋವು ಬೇರೆ ಮಾತು. ಗಾಡಿಯನ್ನು ಪ್ರತಿ ಮರದಿಂದಲೂ ಬಿಚ್ಚಿ ಇನ್ನೊಂದಕ್ಕೆ ಕಟ್ಟಬೇಕು. ಹಾಗಾದರೆ ತಾನೇ ಏರುವ, ಒದ್ದೆ ಮರದಲ್ಲಿ ಹಿಡಿತ ಬಿಡದ, ಹಣ್ಣಾದ ಗೊನೆಯನ್ನು ಗುರುತಿಸುವ, ಒಬ್ಬನೇ ಎತ್ತಿ ಒಯ್ಯುವಷ್ಟು ಹಗುರವಾದ, ಎರಡೆಕರೆಯವನೂ ಬಾಡಿಗೆಗೆ ತರಬಲ್ಲ ಯಂತ್ರ? ಮೆಕಟ್ರಾನಿಕ್ಸಿನ ಯಾವ ಅಧ್ಯಾಯ ಇದರಲ್ಲಿಲ್ಲ ಹೇಳಿ! ನಮ್ಮ ಹುಡುಗರೋ ಅಂತಿಮ ವರ್ಷದಲ್ಲಿ ನುಣುಪು ನೆಲದ ಮೇಲೆ ಕಪ್ಪು ಗೆರೆ ಹಿಡಿದು ಓಡುವ ಆಟದ ಗಾಡಿ ಮಾಡಿ, ಅಂಕ ಪಡೆದು, ಕಪಾಟಿನಲ್ಲಿ ಇಡುತ್ತಾರೆ. ಬಿಡಿಭಾಗ ಪೇಟೆಯಲ್ಲಿ ಪೊಟ್ಟಣ ಕಟ್ಟಿಯೇ ಸಿಗುತ್ತದಂತೆ.

ತೋಟಕ್ಕೆ ವಿದ್ಯಾವಂತ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಲೆನಾಡೇ ಸಾಕ್ಷಿ. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗದ ಬೆನ್ನುಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಬಗ್ಗೆ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಮೈಲುತುತ್ತದ ದ್ರಾವಣ ಅಡಿಕೆ ಮರದ ತುದಿಗೆ ಏರಿದ್ದು ಹಾಗೆ. ಅಲ್ಲಿಯ ತನಕ ರೈತರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯೊಡನೆ ಸೆಣಸುತ್ತಿದ್ದರು. ಶತಮಾನ ಕಳೆಯಿತು. ಮದ್ದು ಅದೇ, ಅದನ್ನು ಹೊತ್ತು ಹತ್ತುವ ಬೆನ್ನೂ ಅದೇ.

ಆನಂದಪುರದ ಪಕ್ಕದಲ್ಲೇ ಇರುವಕ್ಕಿ. ಅಲ್ಲಿ ಈಗ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಶಾಲ ಆವರಣವಿದೆ. ಒಂದು ಗಂಟೆಯ ದಾರಿಯಲ್ಲಿ, ಶಿವಮೊಗ್ಗದಲ್ಲಿ, 1980ರಿಂದಲೂ ಎಂಜಿನಿಯರಿಂಗ್ ಕಾಲೇಜಿದೆ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಮೆಕಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ಒಂದು ಸೆಮಿಸ್ಟರನ್ನು, ಬೇಕಾದರೆ ಮಳೆಗಾಲದ ಸೆಮಿಸ್ಟರನ್ನೇ, ಇರುವಕ್ಕಿಯಂಥ ಜಾಗದಲ್ಲಿ ಕಳೆಯಬೇಕೆಂದು ನಿಯಮ ಮಾಡಿದರೆ ಯಾವ ಆಕಾಶ ಬೀಳುತ್ತದೆ? ಯಂತ್ರ ಮರ ಹತ್ತಿದರೆ ಅಂಕ; ಅರ್ಧಕ್ಕೆ ನಿಂತರೆ ಏಕೆ ನಿಂತಿತೆಂದು ಬರೆದದ್ದಕ್ಕೆ ಅಂಕ. ಪರೀಕ್ಷಕರ ಸಾಲಿನಲ್ಲಿ ಮರ ಹತ್ತುವವನೊಬ್ಬ ಕೂರಲಿ. ಅವನಿಗೂ ಭತ್ಯೆ ಕೊಡಲಿ.

“ಯಂತ್ರ ಬಂದರೆ ಅವನ ಅನ್ನ ಹೋಗುವುದಿಲ್ಲವೆ?” ಎಂದು ಕೇಳುವವರು ಕೇಳಲೇಬೇಕು. ರೋಬೋಟು ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟದ್ದು 1920ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕ್ಕನ ಚೆಕ್ ನಾಟಕ. ಅದರ ಮೂಲ ‘ರೊಬೊತ’, ಅಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ಚಾಕರಿ. ಬಿಟ್ಟಿಯ ಅರ್ಥವನ್ನು ಸಾಗರ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಲೋಹಿಯಾ ಅವರು ಬಂದು ಸೆರೆಯಾದರು. ಜಗಳ ಕೊಳಗ ಇರಬೇಕೋ ಬೇಡವೋ ಎಂಬುದರ ಮೇಲಲ್ಲ, ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ. ಯಂತ್ರದ ವಿಷಯವೂ ಇಷ್ಟೇ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ದೀಪ ಊರೂರಿಗೆ ಹೋಯಿತು, ಮುಳುಗಿದ್ದು ಇಲ್ಲಿಯ ಗದ್ದೆ ತೋಟ. ಆ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಎಂಜಿನಿಯರರು ಮೊದಲೇ ಯಾರನ್ನು ಕೇಳಬೇಕಿತ್ತೋ ಅವರನ್ನು ಕೇಳಿರಲಿಲ್ಲ.

ಬೇರೆ ದಾರಿಯೂ ಇದೆ. ಕೇರಳದ ಎಳೆಯ ಎಂಜಿನಿಯರುಗಳು 2018ರಲ್ಲಿ ಮ್ಯಾನ್‌ಹೋಲು ಶುಚಿಮಾಡುವ ‘ಬ್ಯಾಂಡಿಕೂಟ್’ ಯಂತ್ರ ತಂದಾಗ, ಹಿಂದೆ ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸಲು ಕಲಿಸಿದರು. ಮರ ಹತ್ತುವ ಯಂತ್ರ ಬಂದರೆ ಅದು ತೋಟದೊಡೆಯನ ಕೊಟ್ಟಿಗೆಯಲ್ಲಿ ಇರಬೇಕಾಗಿಲ್ಲ. ಅಡಿಕೆ ಮಾರಲು ಸಹಕಾರ ಸಂಘ ಕಟ್ಟಿ ತೋರಿಸಿದ ಜಿಲ್ಲೆಯಿದು. ಮರ ಹತ್ತುವವರ ಸಂಘವೇ ಅದನ್ನು ಕೊಂಡು, ಮರಕ್ಕಿಷ್ಟು ಎಂದು ದರ ಹೇಳಲಿ.

ನೆಂಟರಿಗೆ ನಾನು ಹೇಳಿದ್ದು ಇಷ್ಟು: ಸೀಟು ತೆಗೆದುಕೊಳ್ಳುವ ಮೊದಲು ಕಾಲೇಜಿಗೆ ಹೋಗಿ ವರ್ಕ್‌ಶಾಪಿನ ಬೀಗ ನೋಡಿ, ತುಕ್ಕು ಹಿಡಿದಿದೆಯೋ ಎಂದು. ಹೋದ ವರ್ಷದ ಮಕ್ಕಳು ಮಾಡಿದ ಯಂತ್ರ ಈಗ ಎಲ್ಲಿದೆ ಎಂದು ಕೇಳಿ. ಮಗನನ್ನು ಕರೆದುಕೊಂಡೇ ಹೋಗಿ; ಲೇತಿನ ಎದುರು ಅವನ ಮುಖ ನೋಡಿ. ಅವರು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡರು.

“ಆಮೇಲೆ?” ಎಂದರು.

ಆಮೇಲಿನದನ್ನು ಕೇಳಬೇಕಾದವನು ಅಷ್ಟರಲ್ಲಿ ಎದ್ದು ಹೊರಟಿದ್ದ. ಮೋಡ ಕಟ್ಟುತ್ತಿತ್ತು, ಮಳೆಗೆ ಮುಂಚೆ ಅವನು ಇನ್ನೂ ನಾಲ್ಕು ತೋಟ ಮುಗಿಸಬೇಕಿತ್ತು.