ಹಸಿರು ಟಿಕ್ಕು, ಒಣಗಿದ ಹುಣಸೆ

ನನ್ನ ಬಾಲ್ಕನಿಯಲ್ಲಿ ಹದಿನೆಂಟು ಬೋನ್ಸಾಯ್ ಇದ್ದವು. ಈಗ ಹದಿನಾಲ್ಕಿವೆ. ಹೋದ ನಾಲ್ಕನ್ನು ಕೊಂದಿದ್ದು ಬೆಂಗಳೂರಿನ ಬಿಸಿಲಲ್ಲ, ಹುಳ ಅಲ್ಲ, ನಾನೇ ಬರೆದ ಇನ್ನೂರು ಸಾಲಿನ ಕೋಡು. ಹಾಗಾಗಿ ಆಫೀಸಿನ ಕ್ಯಾಂಟೀನಲ್ಲಿ ಯಾರಾದರೂ "ಗಿಡಕ್ಕೆ ನೀರು ಹಾಕೋದನ್ನ ಆಟೋಮೇಟ್ ಮಾಡಿ ಮರೆತುಬಿಡು ಗುರೂ" ಅಂತ ಶುರು ಮಾಡಿದರೆ ನನಗೆ ಮೈ ಉರಿಯುತ್ತೆ. ಇದು ಅವರ ಜೊತೆಗಿನ ಜಗಳ. ಅರ್ಧ ನನ್ನ ಜೊತೆಗೇ.

ನಾನು ಮಾಡಿದ್ದೇನೂ ದೊಡ್ಡ ವಿದ್ಯೆಯಲ್ಲ. ಒಂದು ವೈಫೈ ಬೋರ್ಡು, ಒಂದು ರಿಲೇ, 12 ವೋಲ್ಟಿನ ಪಂಪು, ನೀರಿನ ಡ್ರಮ್ಮು, ಅಲ್ಲಿಂದ ಹೊರಟ 4 ಮಿಲಿಮೀಟರ್ ಪೈಪು, ಪ್ರತಿ ಕುಂಡಕ್ಕೂ ಗಂಟೆಗೆ 2 ಲೀಟರ್ ಬಿಡುವ ಒಂದೊಂದು ಡ್ರಿಪ್ಪರ್. ಬೆಳಗ್ಗೆ ಆರಕ್ಕೆ ಹತ್ತು ನಿಮಿಷ, ಸಂಜೆ ಆರಕ್ಕೆ ಹತ್ತು ನಿಮಿಷ. ನೀರು ಬಿಟ್ಟ ಕೂಡಲೇ ಫೋನಿನಲ್ಲಿ ಹಸಿರು ಟಿಕ್ಕು. ಎರಡು ವೀಕೆಂಡಿನ ಕೆಲಸ. ಗೆಳೆಯರಿಗೆಲ್ಲ ಫೋಟೋ ಕಳಿಸಿದ್ದೆ.

ಫೆಬ್ರವರಿಯಲ್ಲಿ ಹಾಕಿದ್ದು. ಮೇ ಮೊದಲ ವಾರಕ್ಕೆ ಹುಣಸೆ ಸತ್ತುಹೋಯಿತು.

ಅದು ನರ್ಸರಿಯಿಂದ ಕೊಂಡಿದ್ದಲ್ಲ. ಶಿರಾ ಕಡೆ ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿ. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಅಪ್ಪ ಅದನ್ನು ಬೇರಿನ ಮಣ್ಣು ಸಮೇತ ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದುಕೊಟ್ಟಿದ್ದರು. ಹನ್ನೊಂದು ವರ್ಷ ತಂತಿ ಸುತ್ತಿ, ಬೇರು ಕತ್ತರಿಸಿ, ಕುಂಡ ಬದಲಿಸಿ ಬೆಳೆಸಿದ್ದೆ.

ಸತ್ತಮೇಲೆ ಡ್ರಿಪ್ಪರ್ ಬಿಚ್ಚಿ ನೋಡಿದೆ. ನಮ್ಮ ಅಪಾರ್ಟ್‌ಮೆಂಟಿಗೆ ಬರೋದು ಬೋರ್‌ವೆಲ್ ನೀರು, ಗಡಸು. ಸುಣ್ಣ ಕಟ್ಟಿಕೊಂಡು ತೂತು ಪೂರ್ತಿ ಮುಚ್ಚಿತ್ತು. ಆ್ಯಪ್ ಮಾತ್ರ ಸಾಯುವ ದಿನದವರೆಗೂ ಟಿಕ್ಕು ಹಾಕಿದೆ. ಯಾಕಂದ್ರೆ ಅದಕ್ಕೆ ಗೊತ್ತಿದ್ದದ್ದು ರಿಲೇ ಆನ್ ಆಯಿತು ಅನ್ನೋದಷ್ಟೇ. ಬೇರಿಗೆ ನೀರು ಸಿಕ್ಕಿತಾ ಅಂತ ನಾನು ಎಲ್ಲೂ ಕೇಳಿಯೇ ಇರಲಿಲ್ಲ. ಆಫೀಸಿನಲ್ಲಿ ಒಬ್ಬ ಗ್ರಾಹಕನಿಗೂ ಲಾಗಿನ್ ಆಗದೆ ಇರುವಾಗ ಡ್ಯಾಶ್‌ಬೋರ್ಡು ಹಸಿರು ತೋರಿಸಿದರೆ, ಅದನ್ನು ಬರೆದವನ ಜನ್ಮ ಜಾಲಾಡ್ತೀವಿ. ಮನೆಯಲ್ಲಿ ಬರೆದವನು ನಾನೇ.

ಇನ್ನೂ ನಾಚಿಕೆಯ ವಿಷಯ ಏನಂದ್ರೆ, ಆಗ ನಾನು ವರ್ಕ್ ಫ್ರಮ್ ಹೋಮ್. ಕುರ್ಚಿಯಿಂದ ಹುಣಸೆಗೆ ಹತ್ತು ಅಡಿ. ಬಾಲ್ಕನಿಗೆ ಹೋಗುತ್ತಿದ್ದದ್ದು ರಾತ್ರಿ ಒಂಬತ್ತರ ಮೇಲೆ, ಕಾಲ್‌ನಲ್ಲಿ ಮಾತಾಡ್ತಾ. ಹುಣಸೆ ಎಲೆ ರಾತ್ರಿ ಹೊತ್ತು ಹೇಗೂ ಮುಚ್ಚಿಕೊಳ್ಳುತ್ತೆ. ಮಲಗಿದೆ ಅಂದುಕೊಂಡೆ. ಹಗಲು ಒಂದು ಸಲ ನೋಡಿದ್ದರೂ ಅದು ಬಾಡಿದ್ದು ಅಂತ ಗೊತ್ತಾಗುತ್ತಿತ್ತು. ಫೋನಿನಲ್ಲಿ ವಿಷಯ ಹೇಳಿದಾಗ ಅಪ್ಪ ಬೈಯಲಿಲ್ಲ. "ಯಾಕೆ, ನೀನು ಮನೇಲಿರ್ಲಿಲ್ವಾ?" ಅಂತ ಕೇಳಿದರು, ಅಷ್ಟೆ.

ಜುಲೈನಲ್ಲಿ ಮೂರು ಜೇಡ್ ಗಿಡ ಹೋದವು. ವಾರಗಟ್ಟಲೆ ಮೋಡ, ಜಿಟಿಜಿಟಿ ಮಳೆ, ಅದರ ಮೇಲೆ ನನ್ನ ಹತ್ತು ನಿಮಿಷ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು, ಬೇರು ಕೊಳೆತು ಕುಸಿಯಿತು. ಒಂದೇ ಟೈಮರ್ ಒಂದನ್ನು ಬಾಯಾರಿಸಿ ಕೊಂದಿತು, ಮೂರನ್ನು ಮುಳುಗಿಸಿ ಕೊಂದಿತು.

ಇದು ನನ್ನೊಬ್ಬನ ದಡ್ಡತನ ಅನ್ನೋರಿಗೆ ಒಂದು ಮಾತು. ಬೋನ್ಸಾಯ್ ಹುಲ್ಲುಹಾಸಲ್ಲ. ಎರಡಿಂಚು ಆಳದ ತಟ್ಟೆ, ನಾಲ್ಕೈದು ಹಿಡಿ ಮಣ್ಣು. ಅದೂ ಮಣ್ಣಲ್ಲ, ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ. ಇಂಥ ಮಿಶ್ರಣದಲ್ಲಿ ಹನಿ ನೀರು ಅಗಲಕ್ಕೆ ಹರಡೋದೇ ಕಷ್ಟ, ಬಿದ್ದ ಜಾಗದಿಂದ ನೇರ ಕೆಳಗಿಳಿದು ತೂತಿನಿಂದ ಹೊರಗೆ ಹೋಗುತ್ತೆ. ಪಕ್ಕದ ಬೇರಿಗೆ ಸುದ್ದಿಯೇ ಇಲ್ಲ. ಆಲಕ್ಕೆ ಬೇಕಾದಷ್ಟು ನೀರು ಜೇಡ್‌ಗೆ ಬೇಡ. ಎಲೆ ತೆಗೆದ ಗಿಡ ಕಡಿಮೆ ಕುಡಿಯುತ್ತೆ. ಗೋಡೆ ಪಕ್ಕದ ಕುಂಡಕ್ಕೂ ಗ್ರಿಲ್ ಪಕ್ಕದ ಕುಂಡಕ್ಕೂ ಗಾಳಿ ಬೇರೆ, ಬಿಸಿಲು ಬೇರೆ.

"ಹಾಗಾದ್ರೆ ಸೆನ್ಸರ್ ಹಾಕು." ಹಾಕಿದ್ದೆ ಸ್ವಾಮಿ. ಮಣ್ಣಿನ ತೇವ ಅಳೆಯುವ ಸೆನ್ಸರ್‌ಗೆ ಸುತ್ತಲೂ ಮಣ್ಣು ತಾಗಿರಬೇಕು. ಇಟ್ಟಿಗೆ ಚೂರಿನ ನಡುವೆ ಇರೋದು ಗಾಳಿ. ಒಂದಿಂಚು ಪಕ್ಕಕ್ಕೆ ಚುಚ್ಚಿದರೆ ಬೇರೆಯೇ ಸಂಖ್ಯೆ. ಅಗ್ಗದ ಎರಡು ಕಡ್ಡಿಯ ಸೆನ್ಸರ್ ಆದರೆ ಕರೆಂಟು ಹರಿದು ಹರಿದು ಕಡ್ಡಿಯೇ ಸವೆದುಹೋಗುತ್ತೆ. ಹದಿನೆಂಟು ಕುಂಡಕ್ಕೆ ಹದಿನೆಂಟು ಸೆನ್ಸರ್ ಹಾಕಿ, ಅವನ್ನು ದಿನಾ ಕಾಯುವ ಬದಲು ಗಿಡವನ್ನೇ ಕಾಯಬಹುದಲ್ಲ?

"ಟೈಮ್ ಎಲ್ಲಿದೆ?" ಹದಿನಾಲ್ಕು ಕುಂಡಕ್ಕೆ ಈಗ ನನಗೆ ಹಿಡಿಯೋದು ಹನ್ನೆರಡು ನಿಮಿಷ. ಟಾಯ್ಲೆಟ್‌ನಲ್ಲಿ ರೀಲ್ಸ್ ನೋಡುವ ಸಮಯಕ್ಕಿಂತ ಕಡಿಮೆ. ನಿಮಗೆ ಟೈಮ್ ಇಲ್ಲ ಅಂತ ನಾನು ನಂಬೋದಿಲ್ಲ. ನಿಜವಾಗಿಯೂ ಹನ್ನೆರಡು ನಿಮಿಷ ಇಲ್ಲ ಅಂದ್ರೆ ಹದಿನೆಂಟು ಗಿಡ ಬೇಡ, ಮೂರಿಟ್ಟುಕೊಳ್ಳಿ.

ಹಳ್ಳಿಯವರೇ ಆಟೋಮೇಟ್ ಮಾಡ್ಕೊಂಡಿದ್ದಾರೆ ಅನ್ನೋ ವಾದ ಇನ್ನೊಂದು. ನಿಜ. ನಮ್ಮ ಹೊಲದ ಪಂಪ್‌ಸೆಟ್‌ಗೂ ಆಟೋ ಸ್ಟಾರ್ಟರ್ ಇದೆ. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಮನುಷ್ಯ ಏನು ಮಾಡ್ಬೇಕು? ಕರೆಂಟು ಬಂತು, ಮೋಟ್ರು ತಾನೇ ಓಡಿತು. ಅದರಿಂದ ನೀರು ಪೋಲಾಗೋದೂ ಇದೆ, ಅಂತರ್ಜಲ ಇಳಿಯೋದೂ ಇದೆ, ಅದನ್ನು ಸಮರ್ಥಿಸಲ್ಲ. ಆದರೆ ಆಟೋ ಸ್ಟಾರ್ಟರ್ ಹಾಕಿದ ಮೇಲೂ ಅಪ್ಪ ಬೆಳಗ್ಗೆ ಕಾಫಿಗೆ ಮುಂಚೆ ಹೊಲಕ್ಕೆ ಹೋಗೋದು ಬಿಡಲಿಲ್ಲ. ಯಾವ ಮಡಿ ತುಂಬಿದೆ, ಎಲ್ಲಿ ಬದು ಒಡೆದಿದೆ, ಯಾವ ತೆಂಗಿನ ಬುಡ ಒಣಗಿದೆ ಅಂತ ನೋಡಿಕೊಂಡು ಬರೋರು. ಅವರು ಮಷೀನಿಗೆ ಕೊಟ್ಟಿದ್ದು ಸ್ವಿಚ್ಚು ಒತ್ತುವ ಕೆಲಸ. ನಾನು ನೋಡುವ ಕೆಲಸವನ್ನೂ ಕೊಟ್ಟುಬಿಟ್ಟೆ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ ಅಂತಾರೆ. ಆಳಾದರೂ ಗಿಡ ಬಾಡಿದರೆ ಬಂದು ಹೇಳ್ತಾನೆ. ಟೈಮರ್ ಅದನ್ನೂ ಹೇಳಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಕೈಯಲ್ಲಿ ನೀರು ಹಾಕೋನು ಅಂಥ ದಿನ ಮಗ್ ಅಳೆದು ಹಾಕ್ತಾನೆ, ಅಕ್ಕಿ ತೊಳೆದ ನೀರು ಎತ್ತಿಡ್ತಾನೆ. ಟೈಮರ್‌ಗೆ ಬರಗಾಲವೂ ಒಂದೇ, ಮಳೆಗಾಲವೂ ಒಂದೇ.

ಹಾಗಂತ ಪೈಪನ್ನು ಕಸಕ್ಕೆ ಹಾಕಿಲ್ಲ. ಊರಿಗೆ ಹೋದಾಗ ಬೇಕು. ಆದರೆ ಈಗ ಅದು ಬದಲಿ ಆಟಗಾರ, ಕ್ಯಾಪ್ಟನ್ ಅಲ್ಲ. ಡ್ರಮ್ಮನ್ನು ಕುಂಡಗಳಿಗಿಂತ ಕೆಳಗಿಟ್ಟಿದ್ದೀನಿ, ಮೇಲಿದ್ದರೆ ಪಂಪು ನಿಂತ ಮೇಲೂ ಸೈಫನ್ ಆಗಿ ನೀರು ಹರೀತಾನೇ ಇರುತ್ತೆ. ಪೈಪಿನ ಬಾಯಿಗೆ ಫಿಲ್ಟರ್. ಒಂದು ಡ್ರಿಪ್ಪರ್ ಬದಲು ಕುಂಡದ ಮೇಲೆಲ್ಲ ಬೀಳುವ ಸಣ್ಣ ಸ್ಪ್ರೇ. ಹೆಚ್ಚು ಕುಡಿಯುವ ಗಿಡಕ್ಕೊಂದು ಲೈನು, ಜೇಡ್‌ನಂಥವಕ್ಕೆ ಇನ್ನೊಂದು. ಹೊರಡುವ ಮುಂಚೆ ಒಂದು ವಾರ ನನ್ನ ಕಣ್ಣೆದುರೇ ಓಡಿಸಿ ನೋಡ್ತೀನಿ. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, ಎರಡು ದಿನಕ್ಕೊಮ್ಮೆ ಇಣುಕಿ ಅಂತ ಕೇಳ್ಕೊಳ್ತೀನಿ. ವಾಪಸ್ ಬಂದ ದಿನ ಪ್ಲಗ್ ಕಿತ್ತಿಡ್ತೀನಿ.

ನೀರು ಹಾಕೋದು ಕಲಿಯೋಕೆ ಮೂರು ವರ್ಷ ಅನ್ನೋದು ಜಪಾನಿನ ಬೋನ್ಸಾಯ್ ಮಂದಿಯ ಮಾತು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಜಪಾನಿನ ಯಮಾಕಿ ಕುಟುಂಬ 1976ರಲ್ಲಿ ಕೊಟ್ಟ ಒಂದು ಪೈನ್ ಇದೆ. 1625ರಿಂದ ಕುಂಡದಲ್ಲಿ ಬೆಳೆಸಿದ್ದು, 1945ರಲ್ಲಿ ಹಿರೋಶಿಮಾದ ಬಾಂಬನ್ನೂ ದಾಟಿ ಬಂದದ್ದು. ಬಾಂಬು ಬಿದ್ದದ್ದು ಒಂದು ದಿನ. ಉಳಿದ ಸಾವಿರಾರು ದಿನ ಅದನ್ನು ಉಳಿಸಿದ್ದು ಎದುರಿಗೆ ನಿಂತು ಇವತ್ತು ಬೇಕಾ ಬೇಡ್ವಾ ಅಂತ ನೋಡಿದ ಯಾರೋ ಒಬ್ಬರು.

ನಾಳೆ ಬೆಳಗ್ಗೆ ಆ್ಯಪ್ ತೆಗೆಯುವ ಮುಂಚೆ ಬಾಲ್ಕನಿಗೆ ಹೋಗಿ. ಬೆರಳನ್ನು ಒಂದಿಂಚು ಮಣ್ಣಿನೊಳಗೆ ಇಳಿಸಿ. ಒದ್ದೆ ಇದ್ದರೆ ಸುಮ್ಮನೆ ಒಳಗೆ ಬನ್ನಿ, ಒಣಗಿದ್ದರೆ ನೀರು ಹಾಕಿ. ಎರಡಕ್ಕೂ ಯಾರೂ ಟಿಕ್ಕು ಹಾಕಲ್ಲ.